ರದ್ದಿಗೆ ಹೋಗಬಾರದ ಕಾಗದಗಳು: ಲೈಂಗಿಕ ಅಲ್ಪಸಂಖ್ಯಾತರ ಇತಿಹಾಸ ಕೂಡಿಡೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಹಳೇ ಕಾಗದದ ಬಗ್ಗೆ ಮಾತಾಡೋಣ. ಸಲಿಂಗಿಗಳು, ಲಿಂಗತ್ವ ಅಲ್ಪಸಂಖ್ಯಾತರು ಓದಿದ, ಬರೆದ, ಹಂಚಿದ ಪುಸ್ತಕ, ಪತ್ರಿಕೆ, ಫೋಟೊ, ಕರಪತ್ರ. ಕೆಲವು ವರ್ಷಗಳಿಂದ ನಾನು ಇಂಥವನ್ನ ಕೂಡಿಡ್ತಾ ಇದೀನಿ. ‘ಅದೇನು ಮಹಾ, ಹಳೇ ಪೇಪರ್ ತಾನೇ?’ ಅಂತ ಕೇಳೋರು ಜಾಸ್ತಿ. ಅದಕ್ಕೇ ಈ ಸಂಚಿಕೆ.

ಶಕುಂತಲಾ ದೇವಿ ಗೊತ್ತಲ್ಲ? ಬೆಂಗಳೂರಲ್ಲಿ ಹುಟ್ಟಿದ, ‘ಮಾನವ ಕಂಪ್ಯೂಟರ್’ ಅಂತ ಹೆಸರಾದ ಗಣಿತದ ಪ್ರತಿಭೆ. ವಿದ್ಯಾ ಬಾಲನ್ ಸಿನಿಮಾ ನೋಡಿರ್ತೀರಿ. ಅವರು 1977ರಲ್ಲಿ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’ ಅನ್ನೋ ಇಂಗ್ಲಿಷ್ ಪುಸ್ತಕ ಬರೆದಿದ್ರು. ಸಲಿಂಗ ಪ್ರೇಮ ಅಪರಾಧ ಅಲ್ಲ, ಸಮಾಜ ಇವರನ್ನು ಪೂರ್ತಿಯಾಗಿ ಒಪ್ಪಿಕೊಳ್ಳಬೇಕು ಅಂತ ವಾದಿಸಿದ್ರು. ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ವಿಚಾರದಲ್ಲಿ ಹತ್ತಿರಹತ್ತಿರ ಅದೇ ಮಾತು ಹೇಳಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಅಂದ್ರೆ 41 ವರ್ಷ ಆದ್ಮೇಲೆ. ಬಂದಾಗ ಆ ಪುಸ್ತಕವನ್ನ ಹೆಚ್ಚು ಜನ ಗಮನಿಸಲಿಲ್ಲ. ಇವತ್ತು ಒಂದು ಹಳೇ ಪ್ರತಿ ಸಿಕ್ಕರೆ ಸಂಗ್ರಾಹಕರು ಬಿಡಲ್ಲ.

ಕಾಗದ ಯಾಕೆ ಉಳಿಯಲಿಲ್ಲ?

ಒಂದು ಕಾರಣ, ಬೇಕಂತಲೇ ನಾಶ ಮಾಡಿದ್ದು. ಬರ್ಲಿನ್‌ನಲ್ಲಿ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1919ರಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆ ಕಟ್ಟಿದ್ದರು. ಅಲ್ಲಿ ದೊಡ್ಡ ಗ್ರಂಥಾಲಯ, ಫೋಟೊ ಸಂಗ್ರಹ ಇತ್ತು. 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಅಲ್ಲಿಗೆ ನುಗ್ಗಿದರು. ನಾಲ್ಕು ದಿನ ಕಳೆದ ಮೇಲೆ ನಗರದ ಚೌಕದಲ್ಲಿ ಪುಸ್ತಕಗಳಿಗೆ ಬೆಂಕಿ. ಶಾಲೆಯ ಪಠ್ಯದಲ್ಲಿ ನಾವು ನೋಡೋ ‘ನಾಜಿಗಳು ಪುಸ್ತಕ ಸುಟ್ಟರು’ ಅನ್ನೋ ಬೆಂಕಿಯಲ್ಲಿ ಇವೂ ಇದ್ದವು.

ಎರಡನೇದು ಸರ್ಕಾರದ ತಡೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1953ರಲ್ಲಿ ‘ಒನ್’ ಅನ್ನೋ ಸಲಿಂಗಿಗಳ ಪತ್ರಿಕೆ ಶುರುವಾಯ್ತು. 1954ರ ಅಕ್ಟೋಬರ್ ಸಂಚಿಕೆಯನ್ನ ಅಲ್ಲಿನ ಅಂಚೆ ಅಧಿಕಾರಿ ‘ಅಶ್ಲೀಲ’ ಅಂತ ತಡೆದರು. ಪತ್ರಿಕೆಯವರು ಬಿಡಲಿಲ್ಲ. 1958ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪತ್ರಿಕೆಯ ಪರ ನಿಂತಿತು. ಆ ಸಂಚಿಕೆಯ ಒಂದು ಪ್ರತಿ ಕೈಗೆ ಸಿಕ್ಕರೆ, ಅದು ಬರೀ ಪತ್ರಿಕೆ ಅಲ್ಲ, ಕೋರ್ಟಿಗೆ ಹೋಗಿ ಗೆದ್ದು ಬಂದ ಸಾಕ್ಷಿ.

ಮೂರನೇದು ನಮಗೆ ತುಂಬಾ ಹತ್ತಿರದ್ದು: ಮನೆ. ಯಾರೋ ತೀರಿಕೊಳ್ಳುತ್ತಾರೆ. ಬೀರು ಖಾಲಿ ಮಾಡೋರು ಡೈರಿ, ಪತ್ರ, ಫೋಟೊ ನೋಡಿ ‘ಮರ್ಯಾದೆ ಹೋಗುತ್ತೆ’ ಅಂತ ಒಲೆಗೆ ಹಾಕ್ತಾರೆ. ಇಲ್ಲ, ಏನೂ ನೋಡದೆ ಗುಜರಿಗೆ ಕೊಡ್ತಾರೆ. ಅಲ್ಲಿಗೆ ಒಬ್ಬರ ಬದುಕಿನ ಗುರುತು ಮುಗೀತು.

ನಮ್ಮಲ್ಲಿ ಏನು ಹುಡುಕಬೇಕು?

1990ರಲ್ಲಿ ಅಶೋಕ್ ರಾವ್ ಕವಿ ಮುಂಬೈಯಲ್ಲಿ ಶುರುಮಾಡಿದ ‘ಬಾಂಬೆ ದೋಸ್ತ್’ ಪತ್ರಿಕೆ. ಅದಕ್ಕೂ ಮೊದಲು, 1986ರಲ್ಲಿ, ಕ್ಯಾಲಿಫೋರ್ನಿಯಾದ ದಕ್ಷಿಣ ಏಷ್ಯಾದವರು ಹೊರತಂದ ‘ತ್ರಿಕೋನ್’. ದೆಹಲಿಯಲ್ಲಿ ಎಬಿವಿಎ ಸಂಘಟನೆ 1991ರಲ್ಲಿ ಪ್ರಕಟಿಸಿದ ‘ಲೆಸ್ ದ್ಯಾನ್ ಗೇ’ ವರದಿ. ನಮ್ಮ ರಾಜ್ಯದ್ದೇ ಬೇಕು ಅಂದ್ರೆ, ಪಿಯುಸಿಎಲ್ ಕರ್ನಾಟಕ ಘಟಕ 2001 ಮತ್ತು 2003ರಲ್ಲಿ ತಂದ ಎರಡು ವರದಿಗಳು. ಪೊಲೀಸರ, ಸಮಾಜದ ದೌರ್ಜನ್ಯವನ್ನ ಅವು ದಾಖಲಿಸಿವೆ.

ಆದರೆ ನನಗೆ ಪುಸ್ತಕಕ್ಕಿಂತ ಚಿಕ್ಕ ಕಾಗದದ ಮೇಲೇ ಆಸೆ ಹೆಚ್ಚು. ಸಭೆಯ ಆಹ್ವಾನ, ಸಹಾಯವಾಣಿಯ ಚೀಟಿ, ಮೆರವಣಿಗೆಯ ಕರಪತ್ರ. ಬೆಂಗಳೂರಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆದದ್ದು 2008ರ ಜೂನ್ 29ಕ್ಕೆ. ಪುಸ್ತಕ ಗ್ರಂಥಾಲಯದಲ್ಲಿ ಉಳಿಯಬಹುದು. ಅವತ್ತು ಕೈಯಲ್ಲಿ ಹಿಡಿದಿದ್ದ ಕಾಗದ ಮಳೆಗೋ ಕಸದ ಬುಟ್ಟಿಗೋ ಹೋಗುತ್ತೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಕೈಯಾಡಿಸುವಾಗ ನಾನು ಪುಸ್ತಕದ ಬೆನ್ನು ಮಾತ್ರ ನೋಡಲ್ಲ, ಹಾಳೆಗಳ ನಡುವೆ ಏನಾದರೂ ಸಿಕ್ಕಿಕೊಂಡಿದೆಯಾ ಅಂತಲೂ ನೋಡ್ತೀನಿ.

ಸಿಕ್ಕಿದ ಮೇಲೆ?

ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಎರಡೂ ಕಾಗದವನ್ನ ಹಾಳು ಮಾಡುತ್ತವೆ. ತುಕ್ಕು ಹಿಡಿದ ಪಿನ್ ಇದ್ದರೆ ನಿಧಾನಕ್ಕೆ ತೆಗೆಯಿರಿ. ಆಮ್ಲರಹಿತ ಕಾಗದದ ಫೋಲ್ಡರ್‌ನಲ್ಲಿ, ಬಿಸಿಲು, ತೇವ ಇಲ್ಲದ ಕಡೆ ಇಡಿ. ಎಲ್ಲಿ, ಯಾವಾಗ, ಯಾರಿಂದ ಸಿಕ್ತು ಅಂತ ಬೇರೆ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ. ಮೂಲ ಗೊತ್ತಿಲ್ಲದ ಕಾಗದ ಅರ್ಧ ಮೂಕ.

ಫೋಟೊ ವಿಷಯದಲ್ಲಿ ಇನ್ನೂ ಹುಷಾರು. ಹ್ಯೂ ನಿನಿ ಮತ್ತು ನೀಲ್ ಟ್ರೆಡ್‌ವೆಲ್ ಎಂಬ ಅಮೆರಿಕದ ದಂಪತಿ ಗಂಡಸರ ಜೋಡಿ ಫೋಟೊಗಳನ್ನ ಸಾವಿರಗಟ್ಟಲೆ ಸಂಗ್ರಹಿಸಿ, 2020ರಲ್ಲಿ ‘ಲವಿಂಗ್’ ಅನ್ನೋ ಪುಸ್ತಕ ತಂದರು. ಚಂದದ ಕೆಲಸ. ಆದರೆ ನಮ್ಮ ಊರಿನ ಹಳೇ ಸ್ಟುಡಿಯೋ ಫೋಟೊದಲ್ಲಿ ಇಬ್ಬರು ಹೆಗಲ ಮೇಲೆ ಕೈ ಹಾಕಿ ನಿಂತರೆ ಅದು ಗೆಳೆತನವೂ ಆಗಿರಬಹುದು, ಪ್ರೇಮವೂ ಆಗಿರಬಹುದು. ಹಿಂದೆ ಬರಹ, ಜೊತೆಗೆ ಪತ್ರ ಇಲ್ಲದೆ ನಾವೇ ಹೆಸರು ಕಟ್ಟಬಾರದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಒಮ್ಮೆ ಹಳೇ ಪುಸ್ತಕವೊಂದರಲ್ಲಿ ನನಗೊಂದು ಪತ್ರ ಸಿಕ್ಕಿತು. 90ರ ದಶಕದ್ದು. ಪೂರ್ತಿ ಹೆಸರು, ಮನೆ ವಿಳಾಸ, ‘ಮನೇಲಿ ಯಾರಿಗೂ ಗೊತ್ತಿಲ್ಲ’ ಅನ್ನೋ ಸಾಲು. ಸ್ಟೋರಿ ಹಾಕಿದ್ರೆ ಲೈಕು ಸುರಿಯುತ್ತಿತ್ತು. ಬರೆದವರು ಬದುಕಿರಬಹುದು, ಅದೇ ಮನೆಯಲ್ಲೇ ಇರಬಹುದು. ಹಾಗಾಗಿ ಲಕೋಟೆಯಲ್ಲಿ ಮುಚ್ಚಿಟ್ಟಿದ್ದೀನಿ, ಯಾರಿಗೂ ತೋರಿಸಿಲ್ಲ. ಉಳಿಸೋದು ಬೇರೆ, ಬಯಲು ಮಾಡೋದು ಬೇರೆ. ಕಾನೂನು ಬದಲಾಗಿದೆ, ಎಲ್ಲ ಮನೆಗಳೂ ಬದಲಾಗಿಲ್ಲ.

ಇದೆಲ್ಲ ಒಬ್ಬರ ಟ್ರಂಕಿನಲ್ಲೇ ಇರಬೇಕಾಗಿಲ್ಲ. ಜಿಮ್ ಕೆಪ್ನರ್ ಎಂಬಾತ 1942ರಲ್ಲಿ ಒಂದೇ ಒಂದು ಕಾದಂಬರಿಯಿಂದ ಶುರುಮಾಡಿದ ಸಂಗ್ರಹ ಇವತ್ತು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರಲ್ಲಿದೆ. ನಮ್ಮಲ್ಲೂ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ‘ಕಮ್ರಾ’ ಅನ್ನೋ ದಾಖಲೆ ಸಂಗ್ರಹ ಇದೆ. ನಿಮ್ಮ ಹತ್ತಿರ ಏನಾದರೂ ಇದ್ದರೆ, ಯಾವುದನ್ನ ಈಗಲೇ ತೋರಿಸಬಹುದು, ಯಾವುದನ್ನ ಮುಚ್ಚಿಡಬೇಕು ಅಂತ ಇಂಥವರ ಜೊತೆ ಮಾತಾಡಿಯೇ ಕೊಡಿ.

ಮುಂದಿನ ಸಲ ಮನೆ ಮುಂದೆ ‘ಹಳೇ ಪೇಪರ್’ ಅಂತ ಕೂಗು ಕೇಳಿದಾಗ, ಕಟ್ಟು ಕೊಡೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ. ಮತ್ತೆ ಸಿಗೋಣ.