ನಿಮಗಿದು ಗೊತ್ತೆ? ಪರರ ಗೂಡಲ್ಲಿ ಬಾಣಂತನ!

ಟೊಪೀಕಾ ಶೈನರ್ ಎಂಬ ಪುಟ್ಟ ಮೀನು ಮೊಟ್ಟೆಯಿಡುವುದು ಬೇರೆ ಮೀನಿನ ಗೂಡಿನಲ್ಲಿ! ಅಮೆರಿಕದ ಕಾನ್ಸಾಸ್, ಅಯೋವಾ, ಮಿನ್ನೆಸೋಟಾ ಮೊದಲಾದ ಕಡೆ ಹುಲ್ಲುಗಾವಲಿನ ಹಳ್ಳಗಳಲ್ಲಿ ಇದರ ವಾಸ. ಉದ್ದ ಮೂರು ಇಂಚೂ ಇಲ್ಲ. ಅಲ್ಲಿನ ಗಂಡು ಸನ್‌ಫಿಶ್ ಬಾಲ ಬೀಸಿ ತಳದ ಹೂಳು ಗುಡಿಸುತ್ತದೆ, ಜಲ್ಲಿಯಲ್ಲಿ ತಗ್ಗು ಮಾಡಿ ಕಾವಲು ನಿಲ್ಲುತ್ತದೆ. ಹಸಿರು ಸನ್‌ಫಿಶ್ ಅಂತೂ ಚಿಕ್ಕ ಮೀನುಗಳನ್ನು ನುಂಗುವ ಜಾತಿ! ಆದರೂ ಶೈನರ್ ಆ ತಗ್ಗಿನ ಅಂಚಿಗೇ ಬಂದು ಸೇರುತ್ತದೆ. ಮೊಟ್ಟೆಗೆ ಹೂಳಿಲ್ಲದ ಜಾಗ, ಜೊತೆಗೆ ಪುಕ್ಕಟೆ ಕಾವಲು. ಕೋಗಿಲೆಯಂತೆ ಮರಿ ಸಾಕುವ ಹೊಣೆ ಹೊರಿಸುವುದಿಲ್ಲ, ಅಷ್ಟೇ ಸಮಾಧಾನ. ಹೊಲಗಳಿಂದ ಹರಿದುಬಂದ ಮಣ್ಣು, ಕೆರೆಗಳಿಗೆ ಬಿಟ್ಟ ಬಾಸ್ ಮೀನುಗಳಿಂದ ಇದರ ಸಂತತಿ ಕುಗ್ಗಿತು. 1998ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನಂಚಿನ ಜೀವಿಯೆಂದು ಘೋಷಿಸಿತು.