ಒಂದೇ ಮೈಲುತುತ್ತಕ್ಕೆ ಮೂರು ಅಣುತೂಕಗಳೇ?

ರಾಣೆಬೆನ್ನೂರಿಗೆ ಸಮೀಪದ ಹಲಗೇರಿಯಿಂದ ಬರುವ ವಿದ್ಯಾರ್ಥಿಯೊಬ್ಬನು ಒಂದು ದಿನ ಕಾಗದದ ಚೂರೊಂದನ್ನು ನನ್ನ ಮುಂದೆ ಹಿಡಿದನು. ಅದರಲ್ಲಿ ಮೈಲುತುತ್ತದ, ಎಂದರೆ ತಾಮ್ರದ ಸಲ್ಫೇಟಿನ, ಅಣುತೂಕವೆಂದು ಮೂರು ಸಂಖ್ಯೆಗಳನ್ನು ಬರೆದಿದ್ದನು: 249.5, 249.68 ಮತ್ತು 159.6. ಮೊದಲನೆಯದು ಅವನ ಅಣ್ಣನ ಹಳೆಯ ಪಠ್ಯಪುಸ್ತಕದ್ದು. ಎರಡನೆಯದು ಬಾಟಲಿಯ ಚೀಟಿಯದು. ಮೂರನೆಯದು ಮೊಬೈಲು ಫೋನಿನಲ್ಲಿ ಹುಡುಕಿದಾಗ ದೊರೆತದ್ದು. ಇವುಗಳಲ್ಲಿ ಯಾವುದನ್ನು ನಂಬಬೇಕೆಂಬುದು ಅವನ ಪ್ರಶ್ನೆ. ನಾನು ಭೌತಶಾಸ್ತ್ರದ ಅಧ್ಯಾಪಕ. ರಸಾಯನಶಾಸ್ತ್ರದ ಮಿತ್ರರು ಅಂದು ರಜೆಯಲ್ಲಿದ್ದುದರಿಂದ ಪ್ರಶ್ನೆ ನನ್ನ ಪಾಲಿಗೆ ಬಂದಿತು. ಮೂರೂ ಸರಿಯೆಂದು ನಾನು ಹೇಳಿದಾಗ ಅವನಿಗೆ ಸಮಾಧಾನವಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ.

ಅಣುತೂಕವೆಂಬುದು ಯಾರೋ ಪಂಡಿತರು ದಯಪಾಲಿಸಿದ ಗುಟ್ಟಿನ ಸಂಖ್ಯೆಯಲ್ಲ. ಅಣುವಿನಲ್ಲಿರುವ ಪರಮಾಣುಗಳ ತೂಕಗಳನ್ನು ಕೂಡಿದರೆ ಬರುವ ಮೊತ್ತವೇ ಅದು. ತಾಮ್ರ 63.546, ಗಂಧಕ 32.06, ನಾಲ್ಕು ಆಮ್ಲಜನಕಗಳು ಸೇರಿ 63.996; ಒಟ್ಟು 159.60. ಆದರೆ ನಾವು ಕಾಣುವ ನೀಲಿ ಹರಳಿನಲ್ಲಿ ಇಂಥ ಒಂದೊಂದು ಸಲ್ಫೇಟಿನೊಡನೆ ಐದು ನೀರಿನ ಅಣುಗಳು ಸೇರಿಕೊಂಡಿರುತ್ತವೆ. ಒಂದು ನೀರಿಗೆ 18.015ರಂತೆ ಐದಕ್ಕೆ 90.075. ಇದನ್ನೂ ಕೂಡಿದರೆ 249.68. ಹಳೆಯ ಪುಸ್ತಕವು ತಾಮ್ರಕ್ಕೆ 63.5, ಗಂಧಕಕ್ಕೆ 32, ಆಮ್ಲಜನಕಕ್ಕೆ 16, ಜಲಜನಕಕ್ಕೆ 1 ಎಂದು ಸುಲಭವಾಗಿ ಹಿಡಿದು 249.5 ಎಂದಿತು. ಹೀಗೆ ಮೊದಲೆರಡು ಸಂಖ್ಯೆಗಳ ಭೇದವು ದಶಮಾಂಶದ ಭೇದ. ಮೂರನೆಯದರದು ವಸ್ತುವಿನ ಭೇದವೇ.

ದಶಮಾಂಶದ ಜಗಳದಲ್ಲಿ ಒಂದು ಕಾಲಕ್ಕೆ ನಮ್ಮ ಭೌತಶಾಸ್ತ್ರಜ್ಞರ ಕೈವಾಡವೂ ಇದ್ದಿತೆಂಬುದನ್ನು ಒಪ್ಪಿಕೊಳ್ಳಬೇಕು. 1929ರಲ್ಲಿ ಜಿಯೋಕ್ ಮತ್ತು ಜಾನ್‌ಸ್ಟನ್ ಎಂಬವರು ಆಮ್ಲಜನಕದಲ್ಲಿ 17 ಮತ್ತು 18ರ ಭಾರದ ಪರಮಾಣುಗಳೂ ಅಲ್ಪವಾಗಿ ಬೆರೆತಿವೆಯೆಂದು ತೋರಿಸಿದರು. ರಸಾಯನಶಾಸ್ತ್ರಜ್ಞರು ಪ್ರಕೃತಿಯಲ್ಲಿ ದೊರೆಯುವ ಈ ಮಿಶ್ರಣದ ಸರಾಸರಿಯನ್ನೇ 16 ಎಂದು ಇಟ್ಟುಕೊಂಡರು. ಭೌತಶಾಸ್ತ್ರಜ್ಞರು ಹಗುರವಾದ ಬಗೆಯೊಂದನ್ನೇ 16 ಎಂದರು. ಎರಡು ಅಳತೆಗೋಲುಗಳ ಅಂತರ ಹತ್ತು ಸಾವಿರಕ್ಕೆ ಸುಮಾರು ಮೂರು ಪಾಲು. ಮನೆಯೊಂದು, ಬಾಗಿಲೆರಡು ಎಂಬಂತಿದ್ದ ಈ ಸ್ಥಿತಿ 1960–61ರಲ್ಲಿ ಕೊನೆಗೊಂಡಿತು: ಇಂಗಾಲದ 12ರ ಬಗೆಯನ್ನು ಸರಿಯಾಗಿ 12 ಎಂದು ಉಭಯ ಪಕ್ಷದವರೂ ಅಂಗೀಕರಿಸಿದರು. ಅಂದಿನಿಂದ ಆಮ್ಲಜನಕವು 16ಕ್ಕೆ ಬದಲಾಗಿ 15.999 ಆಯಿತು. ರಸಾಯನಶಾಸ್ತ್ರದ ಹಳೆಯ ಅಂಕಿಗಳು ಇದರಿಂದ ಬದಲಾದದ್ದು ಲಕ್ಷಕ್ಕೆ ಸುಮಾರು ನಾಲ್ಕು ಪಾಲು ಮಾತ್ರ. ಆದುದರಿಂದ ಅಜ್ಜನ ಕಾಲದ ಪುಸ್ತಕವೆಂದು ಅದನ್ನು ಕಸಕ್ಕೆ ಎಸೆಯಬೇಕಾಗಿಲ್ಲ.

ಶಾಲೆಯ ಕೆಲಸಕ್ಕೆ ಎಷ್ಟು ದಶಮಾಂಶ ಬೇಕು? ಅಣುತೂಕದಷ್ಟು ಗ್ರಾಂ ವಸ್ತುವನ್ನು ಕರಗಿಸಿ, ದ್ರಾವಣವನ್ನು ಒಂದು ಲೀಟರಿನ ಗುರುತಿನವರೆಗೆ ತುಂಬಿದರೆ ಅದು ಒಂದು ಮೋಲಾರ್ ದ್ರಾವಣ. (ಒಂದು ಲೀಟರು ನೀರಿಗೆ ವಸ್ತುವನ್ನು ಹಾಕುವುದಲ್ಲ, ಈ ತಪ್ಪನ್ನು ಪ್ರತಿ ವರುಷವೂ ಕಾಣುತ್ತೇನೆ.) ಮೈಲುತುತ್ತದ ದಶಾಂಶ ಮೋಲಾರ್ ದ್ರಾವಣಕ್ಕೆ ಒಂದು ಅಂಕಿಯಂತೆ 24.95 ಗ್ರಾಂ, ಇನ್ನೊಂದರಂತೆ 24.97 ಗ್ರಾಂ. ವ್ಯತ್ಯಾಸವು ಸಾವಿರಕ್ಕೆ ಒಂದು ಪಾಲೂ ಇಲ್ಲ. ಬ್ಯೂರೆಟ್ಟಿನಲ್ಲಿ 20 ಮಿಲಿಲೀಟರನ್ನು ಓದುವಾಗ ಒಂದು ಹನಿ, ಎಂದರೆ 0.05 ಮಿಲಿಲೀಟರು, ತಪ್ಪಿದರೂ ಅದು ಸಾವಿರಕ್ಕೆ ಎರಡೂವರೆ ಪಾಲು. ಬಾಟಲಿಯ ಚೀಟಿಯಲ್ಲಿ ಶುದ್ಧತೆ ನೂರಕ್ಕೆ 98 ಎಂದಿದ್ದರೆ ಅಲ್ಲಿಯೇ ಇಪ್ಪತ್ತು ಪಾಲು ಹೋಯಿತು! ಹೀಗಿರುವಾಗ ಮೂರನೆಯ ದಶಮಾಂಶಕ್ಕಾಗಿ ಪರದಾಡುವುದು ಮೆಣಸಿನಕಾಯಿಯ ಚೀಲವನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿದಂತೆ.

ನೀರನ್ನು ಮರೆತರೆ ಮಾತ್ರ ಗತಿ ಬೇರೆ. ಇದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ದ್ವಿತೀಯ ಪಿ.ಯು.ಸಿ.ಯ ವಿದ್ಯಾರ್ಥಿಗಳು ಆಕ್ಸಾಲಿಕ್ ಆಮ್ಲದಿಂದ ಪೊಟ್ಯಾಸಿಯಂ ಪರ್ಮಾಂಗನೇಟಿನ ಸಾಮರ್ಥ್ಯವನ್ನು ಕಂಡುಹಿಡಿಯುವ ಪ್ರಯೋಗವನ್ನು ಮಾಡುತ್ತಾರೆ. ಆ ಆಮ್ಲದ ಹರಳಿನಲ್ಲಿ ಎರಡು ನೀರಿನ ಅಣುಗಳಿವೆ, ಅಣುತೂಕ 126.07. ನೀರಿಲ್ಲದ ಆಮ್ಲದ್ದು 90.03. ಒಂದು ಪ್ರಯೋಗಶಾಲೆಯಲ್ಲಿ 250 ಮಿಲಿಲೀಟರು 0.05 ಮೋಲಾರ್ ದ್ರಾವಣಕ್ಕೆ 1.58 ಗ್ರಾಂ ಹರಳು ತೂಗಬೇಕಾಗಿದ್ದಲ್ಲಿ, 90ರ ಲೆಕ್ಕ ಹಿಡಿದು 1.13 ಗ್ರಾಂ ತೂಗಿದ್ದರು. ಪರ್ಮಾಂಗನೇಟು 0.02 ಮೋಲಾರ್ ಇದ್ದುದರಿಂದ 20 ಮಿಲಿಲೀಟರು ಆಮ್ಲಕ್ಕೆ 20 ಮಿಲಿಲೀಟರು ಹಿಡಿಯಬೇಕಾಗಿತ್ತು, 14.3ಕ್ಕೇ ಗುಲಾಬಿ ಬಣ್ಣ ನಿಂತಿತು. ಮಕ್ಕಳು ಮಾಡಿದ್ದೇನು? ಉತ್ತರ 20 ಎಂದು ಮೊದಲೇ ಬಲ್ಲವರಾಗಿ ಪುಸ್ತಕದಲ್ಲಿ 19.9, 20.0, 20.0 ಎಂದು ಬರೆದರು. ಒಬ್ಬ ಹುಡುಗಿ ಮಾತ್ರ 14.3 ಎಂದು ಬರೆದು ಬೈಸಿಕೊಂಡಳು. ಆ ಕೋಣೆಯಲ್ಲಿ ನಿಜವನ್ನು ಬರೆದವಳು ಆಕೆಯೊಬ್ಬಳೇ. ತಪ್ಪು ಇದ್ದುದು ದ್ರಾವಣ ಮಾಡಿದವರ ತಕ್ಕಡಿಯಲ್ಲಿ.

ಹಾಗಾದರೆ ಬಾಟಲಿಯ ಚೀಟಿಯನ್ನು ಕಣ್ಣು ಮುಚ್ಚಿ ನಂಬಬಹುದೇ? ಬಾಟಲಿಯನ್ನು ತುಂಬಿದ ದಿನ ನಂಬಬಹುದು. ಆಮೇಲೆ ನಮ್ಮ ಹವೆಯೂ ತನ್ನ ಕೈ ತೋರಿಸುತ್ತದೆ. ಬಟ್ಟೆಯ ಸೋಡದ ಹರಳಿನಲ್ಲಿ ಹತ್ತು ನೀರಿನ ಅಣುಗಳು; ಅಣುತೂಕ 286.14. ಮಾರ್ಚ್ ತಿಂಗಳ ಒಣ ಬಿಸಿಲಿಗೆ, ಮುಚ್ಚಳ ಸಡಿಲಾದ ಬಾಟಲಿಯಲ್ಲಿ ಅದು ಒಂಬತ್ತು ನೀರನ್ನು ಕಳೆದುಕೊಂಡು ಬಿಳಿಯ ಪುಡಿಯಾಗುತ್ತದೆ. ಆಗ ಅದರ ಅಣುತೂಕ 124. ಅರ್ಧ ಹರಳು, ಅರ್ಧ ಪುಡಿಯಾಗಿರುವಾಗ ಯಾವ ಕೋಷ್ಟಕವೂ ಅದಕ್ಕೆ ಅಣುತೂಕವನ್ನು ಹೇಳಲಾರದು. ಆದುದರಿಂದ ನಿಖರವಾದ ದ್ರಾವಣಕ್ಕೆ ನೀರಿಲ್ಲದ ಸೋಡಿಯಂ ಕಾರ್ಬೋನೇಟನ್ನು, ಕಾಯಿಸಿ ಒಣಗಿಸಿ, 105.99ರ ಲೆಕ್ಕದಲ್ಲಿ ಉಪಯೋಗಿಸುವುದು ವಾಡಿಕೆ. ಕಾಸ್ಟಿಕ್ ಸೋಡದ ಸ್ವಭಾವ ಇದಕ್ಕೆ ವಿರುದ್ಧ: ಮಳೆಗಾಲದಲ್ಲಿ ತೂಗುತ್ತಿರುವಾಗಲೇ ಗಾಳಿಯ ತೇವವನ್ನು ಹೀರುತ್ತದೆ. ಅದರ ಅಣುತೂಕ 40 ಎಂಬುದು ನಿಜವಾದರೂ ತೂಗಿದ್ದೆಲ್ಲ ಅದಲ್ಲ. ಅದನ್ನು ಸುಮಾರಾಗಿ ತೂಗಿ ಕರಗಿಸಿ, ಆಕ್ಸಾಲಿಕ್ ಆಮ್ಲದಿಂದ ಪರೀಕ್ಷಿಸಿಯೇ ಸಾಮರ್ಥ್ಯವನ್ನು ನಿರ್ಧರಿಸಬೇಕು.

ಈ ಎಚ್ಚರ ಪ್ರಯೋಗಶಾಲೆಗೆ ಮಾತ್ರ ಸೇರಿದ್ದಲ್ಲ. ನಮ್ಮ ಜಿಲ್ಲೆಯ ಹಾನಗಲ್ಲು, ಹಿರೇಕೆರೂರು ಕಡೆಯ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆ 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಲೆಕ್ಕ ಹಿಡಿಯುತ್ತಾರೆ. ಮೈಸೂರು ಸಂಸ್ಥಾನದಲ್ಲಿ ಕೆನಡದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಕುರಿತು 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದ್ದರು. ಬೆಳೆಗಾರನ ಆ ಒಂದು ಕಿಲೋ ನೀಲಿ ಹರಳಿನದು. ಅದರಲ್ಲಿ 360 ಗ್ರಾಂ ನೀರೇ. ಅದರ ಬದಲು ನೀರಿಲ್ಲದ ಬಿಳಿಯ ಪುಡಿಯನ್ನು ಅಷ್ಟೇ ತೂಗಿದರೆ ತಾಮ್ರವು ಒಂದೂವರೆ ಪಟ್ಟಿಗಿಂತ ಹೆಚ್ಚಾಗುವುದು.

ಚೀಟಿ ಹರಿದುಹೋದ ಬಾಟಲಿ ಕೈಗೆ ಸಿಕ್ಕರೆ ನೀರನ್ನು ನಾವೇ ಎಣಿಸಬಹುದು. 5 ಗ್ರಾಂ ನೀಲಿ ಹರಳನ್ನು ಪುಡಿಮಾಡಿ ಪಿಂಗಾಣಿ ಬಟ್ಟಲಿನಲ್ಲಿ ಮೆಲ್ಲಗೆ ಕಾಯಿಸಬೇಕು. ನಾಲ್ಕು ನೀರು ಸುಮಾರು 100 ಡಿಗ್ರಿಯ ಆಸುಪಾಸಿನಲ್ಲಿಯೇ ಬಿಟ್ಟುಹೋಗುತ್ತವೆ. ಐದನೆಯದು ಹಟಮಾರಿ, 200 ಡಿಗ್ರಿ ದಾಟಿದ ಮೇಲೆಯೇ ಕದಲುತ್ತದೆ. ಬಹಳ ಕಾಯಿಸಿದರೆ ಪುಡಿ ಕಪ್ಪಾಗಿ, ಉಸಿರುಗಟ್ಟಿಸುವ ಹೊಗೆ ಬರುವುದು, ಅಷ್ಟಕ್ಕೆ ಹೋಗಬಾರದು. ತಣಿಸಿ ಕೂಡಲೆ ತೂಗಿ, ಮತ್ತೆ ಕಾಯಿಸಿ ಮತ್ತೆ ತೂಗಬೇಕು. ತೂಕ ಬದಲಾಗದಿದ್ದಾಗ ನಿಲ್ಲಿಸಬೇಕು. ಲೆಕ್ಕದಂತೆ ಉಳಿಯಬೇಕಾದದ್ದು 3.20 ಗ್ರಾಂ. ಹಲಗೇರಿಯ ಹುಡುಗನಿಗೆ ಉಳಿದದ್ದು 3.23 ಗ್ರಾಂ. ಹೋದ ನೀರು 1.77 ಗ್ರಾಂ, ಭಾಗಿಸಿ ನೋಡಿದಾಗ ಒಂದು ಸಲ್ಫೇಟಿಗೆ 4.85 ನೀರು ಬಂದಿತು. ಅವನು ಅದನ್ನು 5 ಎಂದು ತಿದ್ದದೆ 4.85 ಎಂದೇ ಬರೆದು, ಪಕ್ಕದಲ್ಲಿ "ಇನ್ನೂ ಸ್ವಲ್ಪ ಕಾಯಿಸಬೇಕಾಗಿತ್ತು" ಎಂದು ಸೇರಿಸಿದನು.