ತಾಯಿಯ ಕಡೆಯಿಂದ ಬರುವ ಗುಣ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದು ನಮ್ಮ ಹಳೆಯ ಗಾದೆ. ಆನುವಂಶೀಯತೆಯ ಶಾಸ್ತ್ರ ಹುಟ್ಟಿದಾಗ ಈ ಗಾದೆಗೆ ಅಲ್ಲಿ ಜಾಗವಿರಲಿಲ್ಲ. ಪ್ರತಿ ಗುಣಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ಅಂಶ ಬರುತ್ತದೆ. ಪ್ರಬಲವಾದದ್ದು ಕಾಣುತ್ತದೆ, ದುರ್ಬಲವಾದದ್ದು ಅಡಗಿರುತ್ತದೆ ಎಂದು ಗ್ರೆಗರ್ ಮೆಂಡೆಲ್ 1866ರ ತನ್ನ ಪ್ರಬಂಧದಲ್ಲಿ ಬಟಾಣಿ ಗಿಡಗಳ ಮೂಲಕ ತೋರಿಸಿದ. ತಾಯಿ ಯಾವುದು, ತಂದೆ ಯಾವುದು ಎಂಬುದರಿಂದ ಫಲ ಬದಲಾಗದು ಎಂಬುದು ಆ ಲೆಕ್ಕ. ಶಾಲೆಯಲ್ಲಿ ನಾವೆಲ್ಲ ಕಲಿತದ್ದೂ ಇದನ್ನೇ.

ಲೆಕ್ಕ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಅಂಗಳದ ಸಂಜೆಮಲ್ಲಿಗೆಯೇ ಇದಕ್ಕೆ ಸಾಕ್ಷಿ. ಕೆಂಪು ಹೂವಿನ ಗಿಡವನ್ನೂ ಬಿಳಿ ಹೂವಿನ ಗಿಡವನ್ನೂ ಕೂಡಿಸಿದರೆ ಗುಲಾಬಿ ಬಣ್ಣದ ಹೂ ಬರುತ್ತದೆ. ಅಲ್ಲಿ ಯಾವ ಬಣ್ಣವೂ ಪೂರ್ತಿ ಪ್ರಬಲವಲ್ಲ. 1909ರಲ್ಲಿ ಜರ್ಮನಿಯ ಕಾರ್ಲ್ ಕೊರೆನ್ಸ್ ಇದೇ ಗಿಡದಲ್ಲಿ ಇನ್ನೂ ವಿಚಿತ್ರವಾದುದನ್ನು ಕಂಡ. ಎಲೆಗಳಲ್ಲಿ ಹಸಿರು-ಬಿಳಿ ಮಚ್ಚೆಗಳಿರುವ ಗಿಡದಲ್ಲಿ, ಬೀಜ ಹಸಿರು ಕೊಂಬೆಯದಾದರೆ ಸಸಿಯೂ ಹಸಿರು, ಬಿಳಿ ಕೊಂಬೆಯದಾದರೆ ಸಸಿಯೂ ಬಿಳಿ. ಪರಾಗ ಎಲ್ಲಿಯದಾದರೂ ವ್ಯತ್ಯಾಸವಿಲ್ಲ.

ಕಾರಣ ಜೀವಕೋಶದ ರಚನೆಯಲ್ಲಿದೆ. ಬಹುಪಾಲು ವಂಶವಾಹಿಗಳಿರುವುದು ಕೋಶಕೇಂದ್ರದಲ್ಲಿ. ಅದರ ಹೊರಗೆ, ಎಲೆಗೆ ಹಸಿರು ಕೊಡುವ ಕಣಗಳೂ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳೂ ಇವೆ. ಅವಕ್ಕೆ ತಮ್ಮದೇ ಆದ ಕೆಲವು ವಂಶವಾಹಿಗಳುಂಟು. ಸಾಮಾನ್ಯವಾಗಿ ಪರಾಗ ತನ್ನ ಕೇಂದ್ರವನ್ನಷ್ಟೇ ಕೊಡುತ್ತದೆ. ಅಂಡ ಇಡೀ ಕೋಶವನ್ನೇ ಕೊಡುತ್ತದೆ. ಮನುಷ್ಯರಲ್ಲೂ ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದಲೇ.

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಇದು ರೊಟ್ಟಿಯ ಪ್ರಶ್ನೆ. ಸಜ್ಜೆಯ ಒಂದೇ ತೆನೆಯಲ್ಲಿ ಗಂಡು, ಹೆಣ್ಣು ಎರಡೂ ಅಂಗಗಳಿರುತ್ತವೆ. ಎರಡು ತಳಿ ಕೂಡಿಸಿ ಹೈಬ್ರಿಡ್ ಬೀಜ ಮಾಡಲು ಒಂದರ ಪರಾಗವನ್ನು ಕೈಯಿಂದ ತೆಗೆಯುವುದು ಎಕರೆಗಟ್ಟಲೆ ಹೊಲದಲ್ಲಿ ಆಗದ ಮಾತು. ಅಮೆರಿಕದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ರೂಪಿಸಿದ ‘ಟಿಫ್ಟ್ 23 ಎ’ ತಳಿ ಈ ತೊಡಕನ್ನು ಬಿಡಿಸಿತು. ತಾಯಿಯ ಕಡೆಯಿಂದ ಬಂದ ಒಂದು ದೋಷದಿಂದಾಗಿ ಅದರಲ್ಲಿ ಪರಾಗ ಕಟ್ಟದು. ಬೇರೆ ಪರಾಗ ಬಿದ್ದರೆ ಕಾಳು ಕಟ್ಟುತ್ತದೆ. ಅದನ್ನು ತಾಯಿಯಾಗಿಸಿ, ಪರಾಗಶಕ್ತಿ ಮರಳಿಸುವ ವಂಶವಾಹಿಯುಳ್ಳ ತಂದೆಯೊಡನೆ ಕೂಡಿಸಿ ಲುಧಿಯಾನದಲ್ಲಿ ಸಿದ್ಧಪಡಿಸಿದ ‘ಎಚ್‌ಬಿ 1’ 1965ರಲ್ಲಿ ದೇಶದ ಮೊದಲ ಹೈಬ್ರಿಡ್ ಸಜ್ಜೆಯಾಗಿ ಬಂತು. ಜೋಳ, ಸೂರ್ಯಕಾಂತಿಗಳ ಹೈಬ್ರಿಡ್ ಬೀಜಕ್ಕೂ ಇದೇ ಉಪಾಯ.

ಈ ಬೆಳೆಯ ಕಾಳನ್ನೇ ಮರುವರ್ಷ ಬಿತ್ತಿದರೆ? ತಾಯಿಯ ದೋಷ ಪ್ರತಿ ಕಾಳಿನಲ್ಲೂ ಇರುತ್ತದೆ. ತಂದೆ ಕೊಟ್ಟ ಪರಿಹಾರವಾದರೋ ಮೆಂಡೆಲನ ಲೆಕ್ಕದಂತೆ ಹಂಚಿಹೋಗುತ್ತದೆ. ಅದು ಒಂದೇ ಪ್ರಬಲ ವಂಶವಾಹಿಯಾಗಿದ್ದರೆ, ಸುಮಾರು ನಾಲ್ಕರಲ್ಲೊಂದು ಗಿಡ ಪರಾಗವಿಲ್ಲದೆ ನಿಲ್ಲುತ್ತದೆ. ಉಳಿದವುಗಳ ಎತ್ತರ ಒಂದೊಂದು ಬಗೆ, ತೆನೆ ಒಂದೊಂದು ಬಗೆ, ಇಳುವರಿ ಇಳಿಯುತ್ತದೆ. ತಪ್ಪು ರೈತನದೂ ಅಲ್ಲ, ಭೂಮಿಯದೂ ಅಲ್ಲ. ಪಕ್ಕದ ಸಿಂಧನೂರಿನಲ್ಲಿ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಬೆಳೆಯುವ ಸೋನಾ ಮಸೂರಿಯ ಮಾತು ಬೇರೆ. ಅದು ಸ್ಥಿರಗೊಂಡ ತಳಿ. ಭತ್ತ ಬಹುತೇಕ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಬೆರಕೆಯಾಗದಂತೆ ಆರಿಸಿಟ್ಟ ಬೀಜ ಮರುವರ್ಷವೂ ಅದೇ ಭತ್ತ ಕೊಡುತ್ತದೆ. ಜವಾರಿ ಸಜ್ಜೆಯ ಒಳ್ಳೆಯ ತೆನೆಗಳನ್ನೂ ಹಾಗೆಯೇ ಬೀಜಕ್ಕೆ ಇಡಬಹುದು.

ಒಂದೇ ತಾಯಿಯನ್ನು ನಂಬಿದ್ದರಿಂದ ಇನ್ನೊಂದು ಅಪಾಯವೂ ಬಂತು. ಎಚ್‌ಬಿ 1ರ ನಂತರದ ಕೆಲವು ಹೈಬ್ರಿಡ್‌ಗಳಿಗೂ ಟಿಫ್ಟ್ 23 ಎ ತಳಿಯೇ ತಾಯಿ. ಆ ತಳಿ ಕೇದಿಗೆ ರೋಗಕ್ಕೆ ಸುಲಭದ ತುತ್ತು. 1970ರ ದಶಕದಲ್ಲಿ ರೋಗ ಹರಡಿದಾಗ ಕಾಳಿರಬೇಕಾದ ತೆನೆಗಳು ಎಲೆಯ ಗೊಂಚಲುಗಳಾದವು. ಅಮೆರಿಕದಲ್ಲಿ 1970ರಲ್ಲಿ ಮೆಕ್ಕೆಜೋಳದ ಸುಮಾರು ಶೇಕಡಾ 15ರಷ್ಟು ಬೆಳೆ ಹಾಳಾಯಿತು. ಅಲ್ಲಂತೂ ರೋಗಕ್ಕೆ ದಾರಿ ಮಾಡಿಕೊಟ್ಟದ್ದು ತಾಯಿಯಿಂದ ಬಂದ ಮೈಟೋಕಾಂಡ್ರಿಯಾವೇ. ಅಂದಿನಿಂದ ತಳಿ ತಜ್ಞರು ರೋಗ ತಡೆಯುವ, ಬೇರೆ ಬೇರೆ ಮೂಲದ ತಾಯಿ ತಳಿಗಳನ್ನು ಹುಡುಕುತ್ತಲೇ ಬಂದಿದ್ದಾರೆ.

ಆದ್ದರಿಂದ ಬೀಜ ಕೊಳ್ಳುವಾಗ ಅದು ಹೈಬ್ರಿಡ್ಡೋ, ಸ್ಥಿರ ತಳಿಯೋ ಎಂದು ಕೇಳಿಕೊಳ್ಳುವುದು ಒಳಿತು. ಮುಂದಿನ ವರ್ಷದ ಬೀಜವನ್ನು ಮನೆಯಲ್ಲಿ ಇಡಬೇಕೋ, ಮತ್ತೆ ಅಂಗಡಿಗೆ ಹೋಗಬೇಕೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.